ಸೊನ್ನೆ ಓದುಗರ ಜುಲೈ

ನಮ್ಮ ಸಂಘದ ವೆಬ್‌ಸೈಟಿನ ಸರ್ವರ್ ನನ್ನ ತಲೆಗೆ ಬಂದದ್ದು ಹೀಗೆ: ಸಭೆಯಲ್ಲಿ 'ಕಂಪ್ಯೂಟರ್ ಯಾರಿಗೆ ಬರ್ತದೆ' ಎಂದು ಕೇಳಿದಾಗ ಉಳಿದವರೆಲ್ಲ ತಮ್ಮ ಚಹಾದ ಲೋಟ ನೋಡುತ್ತಿದ್ದರು. 2024ರ ಜೂನ್ 30ಕ್ಕೆ ಸೆಂಟ್‌ಓಎಸ್ 7ರ ಆಯುಷ್ಯ ಮುಗಿಯಿತಲ್ಲ, ಆಗ ಎಲ್ಲವನ್ನೂ ಡೆಬಿಯನ್‌ಗೆ ಸಾಗಿಸಿದೆ. ಪುಟಗಳು ಸರಿಯಾಗಿ ತೆರೆದುಕೊಂಡವು. ನೆಮ್ಮದಿಯಾಗಿ ಮಲಗಿದೆ.

ಆಗಸ್ಟ್ 18ರ ಸಭೆಯಲ್ಲಿ ಅಧ್ಯಕ್ಷರು, "ಮಾರಾಯ್ರೆ, ಜುಲೈಯಲ್ಲಿ ಒಬ್ಬನೂ ಓದ್ಲಿಲ್ಲ ಅಂತ ತೋರಿಸ್ತದೆ. ಸುಮ್ನೆ ಸರ್ವರ್ ಬಾಡಿಗೆ ಯಾಕೆ ಕಟ್ಟುದು?" ಎಂದರು. ಪ್ರತಿ ವಾರ ಹಳೆಯ ಮುಂಬಯಿ ಕನ್ನಡಿಗರ ನೆನಪುಗಳನ್ನು ಬರೆಯುವ ನಮ್ಮ ಹಿರಿಯರು ಅಲ್ಲೇ ಕೂತಿದ್ದರು. ಏನೂ ಅನ್ನಲಿಲ್ಲ. ಆ ವಾರ ಅವರ ಲೇಖನವೂ ಬರಲಿಲ್ಲ.

ಓದುಗರ ಲೆಕ್ಕ ಹಾಕುವುದು ಎಡಬ್ಲ್ಯುಸ್ಟ್ಯಾಟ್ಸ್ ಎಂಬ ತಂತ್ರಾಂಶ. ಎರಡೂ ಕಡೆ ಅದೇ, ಆದರೆ ಮನೆಯ ಕಟ್ಟುಪಾಡು ಬೇರೆ. ಸೆಂಟ್‌ಓಎಸ್‌ನಲ್ಲಿ ಅಪಾಚೆಯ ಲಾಗ್ ಇರುವುದು ಎಚ್‌ಟಿಟಿಪಿಡಿ ಫೋಲ್ಡರಿನಲ್ಲಿ, ಡೆಬಿಯನ್‌ನಲ್ಲಿ ಅಪಾಚೆ2 ಫೋಲ್ಡರಿನಲ್ಲಿ. ಇದು ಗೊತ್ತಿತ್ತು, ತಿದ್ದಿಯೂ ಇದ್ದೆ. ಗೊತ್ತಿಲ್ಲದ್ದು ಇನ್ನೊಂದು. ಸೆಂಟ್‌ಓಎಸ್‌ನಲ್ಲಿ ಗಂಟೆಗೊಮ್ಮೆ ಲೆಕ್ಕ ಹಾಕುತ್ತಿದ್ದವನು ಸಾಕ್ಷಾತ್ ರೂಟ್. ಡೆಬಿಯನ್ ಹತ್ತು ನಿಮಿಷಕ್ಕೊಮ್ಮೆ ಕಳಿಸುವುದು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಎಂಬ ಬಡಪಾಯಿಯನ್ನು. ಲಾಗ್ ಓದುವ ಹಕ್ಕಿರುವುದೋ ರೂಟ್‌ಗೆ ಮತ್ತು ಎಡಿಎಂ ಗುಂಪಿಗೆ ಮಾತ್ರ. ತಿಜೋರಿ ಎಣಿಸಲು ಕೀಲಿಯಿಲ್ಲದ ಗುಮಾಸ್ತ ಹೋದ ಹಾಗಾಯಿತು. ಬೈಯೋಣವೆಂದರೆ ಅದೂ ಸರಿಯಲ್ಲ. ವೆಬ್‌ಸೈಟಿಗೆ ಕನ್ನ ಹಾಕಿದವನ ಕೈಗೆ ಓದುಗರ ಐಪಿ ವಿಳಾಸ ಸಿಗದಂತೆ ಕಾಯುವುದೂ ಅದೇ ಬೀಗ.

ಎಡಿಎಂ ಗುಂಪಿನಲ್ಲಿ ಬೇರೊಬ್ಬ ಬಳಕೆದಾರನನ್ನು ಮಾಡಿ, ಲೆಕ್ಕದ ಫೋಲ್ಡರನ್ನು ಅವನ ಹೆಸರಿಗೆ ಬರೆದು, ಕ್ರಾನ್ ಕೆಲಸ ವಹಿಸಿದೆ. ಇನ್ನು ಜುಲೈ ಲಾಗ್ ಓದಿಸಿಬಿಡೋಣವೆಂದು ನೋಡಿದರೆ, ಲಾಗ್‌ಗಳೇ ಇಲ್ಲ. ಡೆಬಿಯನ್ ಅಪಾಚೆಯ ಲಾಗನ್ನು ದಿನಕ್ಕೊಂದರಂತೆ ಮಡಚಿ 14 ಮಾತ್ರ ಇಟ್ಟುಕೊಳ್ಳುತ್ತದೆ. ಸೆಂಟ್‌ಓಎಸ್ ವಾರಕ್ಕೊಂದರಂತೆ ನಾಲ್ಕು ಇಡುತ್ತಿತ್ತು. ಅಲ್ಲಿದ್ದರೆ ಜುಲೈಯ ಕೊನೆಯ ವಾರವಾದರೂ ಉಳಿಯುತ್ತಿತ್ತು.

ಮರುದಿನದಿಂದ ಅಂಕಿ ಚಿಮ್ಮಿತು. ದಿನಕ್ಕೆ 150 ದಾಟಿದ ಭೇಟಿ! ಅಧ್ಯಕ್ಷರು ವಾಟ್ಸಾಪಿನಲ್ಲಿ ಹೂಗುಚ್ಛ ಹಾಕಿದರು. ನನಗೋ ಅನುಮಾನ. ಕಾನ್ಫಿಗ್ ಫೈಲ್ ತೆರೆದರೆ ಲಾಗ್‌ಫಾರ್ಮ್ಯಾಟ್ 4 ಎಂದಿದೆ, ಡೆಬಿಯನ್ ಕೊಟ್ಟದ್ದೇ. ಆ ಲೆಕ್ಕದಲ್ಲಿ ಬ್ರೌಸರಿನ ಹೆಸರನ್ನು ಓದುವುದಿಲ್ಲ, ಹಾಗಾಗಿ ಗೂಗಲ್‌ನ ಬಾಟೂ ಓದುಗನೇ. 1 ಎಂದು ತಿದ್ದಿದೆ. 60ರ ಆಸುಪಾಸಿಗೆ ಇಳಿಯಿತು. ತಿದ್ದದೆ ಬಿಡಬಹುದಿತ್ತು, ಒಂದು ದಿನ ಯೋಚಿಸಿದೆ ಕೂಡ.

ಭಾನುವಾರ ಹಿರಿಯರ ಮನೆಗೆ ಹೋಗಿ ಎಲ್ಲ ಹೇಳಿದೆ, ಜುಲೈ ಹೋದದ್ದು ನನ್ನ ತಪ್ಪಿನಿಂದ ಎಂದೂ. ಅವರು ಕನ್ನಡಕ ಒರೆಸುತ್ತ, "60 ಅಂದ್ರೆ, ಆ ಯಂತ್ರಗಳನ್ನೆಲ್ಲ ಕಳೆದ ಮೇಲೆಯಾ?" ಎಂದರು.

"ಕಳೆದ ಮೇಲೆಯೇ ಸರ್."

ಒಳಗೆ ಹೋಗಿ ಎರಡು ಲೇಖನ ತಂದುಕೊಟ್ಟರು.