ಸಾನುಮಾರ್ಗ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಅನೇಕ ಮನೆಗಳಲ್ಲಿ ಶುಕ್ರವಾರದ ರಾತ್ರಿ ಮಕ್ಕಳು ಬೆನ್ನಿಗೆ ಚೀಲವೇರಿಸಿ ಚಿಕ್ಕಮಗಳೂರಿನ ಬಸ್ಸು ಹತ್ತುವುದು ಈಗ ವಾಡಿಕೆಯಾಗಿದೆ. ಕಳುಹಿಸಬಹುದೇ, ಬಾರದೇ ಎಂಬ ಸಂದೇಹವು ಗೃಹಸ್ಥರಿಗೆ ಸಹಜವಾದುದು. ಕಳುಹಿಸಬಹುದು, ಆದರೆ ಶಿಖರವನ್ನು ಮುಟ್ಟಿ ಬರುವುದಕ್ಕಲ್ಲ, ಸಾನುವಿನ ಮೇಲೆ ದಿನವೆಲ್ಲ ನಡೆದು ಬರುವುದಕ್ಕೆ ಎಂದು ನಮ್ಮ ಅಭಿಪ್ರಾಯ.

ಸಂಸ್ಕೃತದಲ್ಲಿ ಪರ್ವತಕ್ಕೆ ‘ಶಿಖರಿ’ ಎಂಬ ಹೆಸರೂ ಉಂಟು, ‘ಸಾನುಮಂತ’ ಎಂಬ ಹೆಸರೂ ಉಂಟು. ಮೊದಲನೆಯದು ತುದಿಯಿಂದ ಬಂದುದು. ಎರಡನೆಯದು ಬೆಟ್ಟದ ಬೆನ್ನಿನಿಂದ ಬಂದುದು. ಈಚಿನವರು ಮೊದಲನೆಯದನ್ನೇ ನೆಚ್ಚಿದ್ದಾರೆ. ಮುಳ್ಳಯ್ಯನಗಿರಿಯು 1930 ಮೀಟರು ಎತ್ತರವಾಗಿ, ನಮ್ಮ ರಾಜ್ಯದಲ್ಲಿಯೇ ಅತ್ಯುನ್ನತವಾದುದು. ಪರ್ವತಸಂಚಾರಕ್ಕೆ ಹೆಸರಾದ ಸ್ಕಾಟ್ಲೆಂಡಿನ ಬೆನ್ ನೆವಿಸ್ ಶಿಖರವಾದರೋ 1345 ಮೀಟರು ಮಾತ್ರ. ಆದರೂ ಮೋಟಾರಿನಲ್ಲಿ ಬಂದು, ಕೆಲವು ಮೆಟ್ಟಿಲು ಹತ್ತಿ, ಚಿತ್ರ ತೆಗೆದುಕೊಂಡು ಇಳಿದವನಿಗೆ ಎತ್ತರದ ಅಂಕೆಯಲ್ಲದೆ ಮತ್ತೇನು ದೊರೆತೀತು?

ಸರ್ಪದಾರಿಯಿಂದ ಮುಳ್ಳಯ್ಯನಗಿರಿಯನ್ನೇರಿ, ಅಲ್ಲಿಂದ ಬಾಬಾಬುಡನ್‌ಗಿರಿಯ ಕಡೆಗೆ ಬೆಟ್ಟದ ಬೆನ್ನನ್ನೇ ಹಿಡಿದು ಸಾಗುವವನ ಅನುಭವವೇ ಬೇರೆ. ಬಾಲಚಂದ್ರನಂತೆ ಬಾಗಿರುವುದರಿಂದ ಈ ಸಾಲಿಗೆ ಚಂದ್ರದ್ರೋಣವೆಂದು ಹೆಸರು. ನೆತ್ತಿಯ ಮೇಲೆ ಬರಿಯ ಹುಲ್ಲು. ಮಡಿಕೆಗಳಲ್ಲಿ ಮಾತ್ರ ದಟ್ಟವಾದ ಶೋಲಾ ಕಾಡು. ಮುಂಗಾರಿನ ನೀರನ್ನು ಈ ಹುಲ್ಲೂ ಕಾಡೂ ಹೀರಿಟ್ಟುಕೊಂಡು, ಮಳೆ ನಿಂತ ಮೇಲೆ ಸ್ವಲ್ಪಸ್ವಲ್ಪವಾಗಿ ತೊರೆಗಳಿಗೆ ಬಿಟ್ಟುಕೊಡುವುವು. ವೇದಾ, ಅವತಿ ಎಂಬ ಹೊಳೆಗಳು ಈ ಬೆಟ್ಟಗಳಲ್ಲಿ ಹುಟ್ಟಿ, ಮುಂದೆ ಕೂಡಿ ವೇದಾವತಿಯಾಗಿ, ಬಯಲುಸೀಮೆಯ ಹಿರಿಯೂರಿನ ಬಳಿ 1907ರಲ್ಲಿ ಪೂರ್ಣವಾದ ವಾಣೀವಿಲಾಸಸಾಗರವನ್ನು ಸೇರುತ್ತವೆ. 1933ರಲ್ಲಿ ಕೋಡಿಹರಿದಿದ್ದ ಆ ಜಲಾಶಯವು ಮತ್ತೆ ಕೋಡಿಹರಿದುದು 2022ರಲ್ಲಿ! ನೀರಿಗೆ ಅಷ್ಟು ಬಡತನವಾದ ನಾಡಿಗೆ ಈ ಬೆಟ್ಟದ ಹುಲ್ಲೂ ಒಂದು ಐಶ್ವರ್ಯವಲ್ಲವೆ? ಆ ಹುಲ್ಲನ್ನು ದಿನವೆಲ್ಲ ಕಾಲಡಿಯಲ್ಲಿ ಕಂಡವನು ಅದಕ್ಕೆ ಬೆಂಕಿ ತಾಗಿಸಲಾರನು, ಪ್ಲಾಸ್ಟಿಕ್ ಸೀಸೆ ಎಸೆಯಲಾರನು. ಕಾಲುದಾರಿ ಬಿಟ್ಟು ಅದನ್ನು ತುಳಿಯಲೂ ಅಳುಕುವನು.

ಇನ್ನು ಎಚ್ಚರಿಕೆಯ ಮಾತು. ಇಷ್ಟು ಹೊಳೆಗಳಿಗೆ ತೌರಾದ ಬೆಟ್ಟದ ಬೆನ್ನಿನ ಮೇಲೆಯೇ ಬಾಯಾರಿಕೆಗೆ ನೀರು ಸುಲಭವಲ್ಲ, ನೆರಳೂ ಇಲ್ಲ. ಆದುದರಿಂದ ಸಂಜೆಯವರೆಗೆ ಸಾಲುವಷ್ಟು ನೀರನ್ನು ಮೊದಲೇ ಹೊರತಕ್ಕದ್ದು. ದಾರಿ ತೆರೆದಿದೆಯೇ ಎಂದು ಅರಣ್ಯ ಇಲಾಖೆಯವರನ್ನು ವಿಚಾರಿಸಿ, ಬೆಳಗಾಗುತ್ತಲೇ ಹೊರಡತಕ್ಕದ್ದು. ಮಧ್ಯಾಹ್ನದೊಳಗೆ ಅರ್ಧ ದಾರಿ ಸಾಗದಿದ್ದರೆ, ಮಂಜು ಮುಸುಕಿ ಮುಂದಿನ ಜಾಡು ಕಾಣದಿದ್ದರೆ, ಹಿಂದಿರುಗತಕ್ಕದ್ದು. ಗುಡುಗು ಕೇಳಿಸಿದೊಡನೆ ನೆತ್ತಿಯನ್ನು ಬಿಟ್ಟು ಇಳಿಯತಕ್ಕದ್ದು. ಬಯಲಾದ ಬೆನ್ನಿನ ಮೇಲೆ ನಿಂತ ಮನುಷ್ಯನೇ ಸಿಡಿಲಿಗೆ ಗುರಿ.

ತಾಯಂದಿರಲ್ಲಿ ನಮ್ಮದೊಂದು ಬಿನ್ನಹ. ಮಗನೋ ಮಗಳೋ ಅರ್ಧ ದಾರಿಯಿಂದ ಹಿಂದಿರುಗಿ ಬಂದರೆ ನಗಬೇಡಿರಿ, ಇತರರು ನಗದಂತೆಯೂ ನೋಡಿಕೊಳ್ಳಿರಿ. ಮನೆಯಲ್ಲಿ ನಗೆಗೀಡಾಗುವ ಭಯವಿಲ್ಲದ ಮಕ್ಕಳಿಗೆ ಬೆಟ್ಟದ ಮೇಲೆ ಹಿಂದಿರುಗುವ ಧೈರ್ಯವಿರುತ್ತದೆ. ಬಿಸಿನೀರು ಕಾಯಿಸಿಕೊಟ್ಟು, ಊಟ ಬಡಿಸಿ, ಏನು ಕಂಡಿರೆಂದು ಕೇಳಿರಿ.