ಮುಂದಿನ ತಿಂಗಳು ನೋಡೋಣ

ಊರಿಗೆ ಹೋದಾಗಲೆಲ್ಲ ಇಂಡಿ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೊಬ್ಬರು ಸಿಕ್ಕು ಕೇಳುತ್ತಾರೆ: “ಏನಪಾ, ಪುಣೆದಾಗ ಡ್ರೈವರ್ ಅದಿ ಅಂತಲ್ಲ, ಪಗಾರ ಎಷ್ಟ್ ಬರ್ತೈತಿ?” ನಾನು ಚಹಾ ಕುಡಿಯುತ್ತ ಮಾತು ಮರೆಸುತ್ತೇನೆ. ನಾನು ಡ್ರೈವರ್ ಅಲ್ಲ. ಹದಿನಾಲ್ಕು ತಿಂಗಳಿಂದ ಡ್ರೈವರ್ ಆಗಲಿಕ್ಕೆ ಕಾಯುತ್ತಿರುವವನು. ಇವೆರಡರ ನಡುವೆ ಎಷ್ಟು ದೂರವಿದೆ ಅನ್ನುವುದು ಊರಿನವರಿಗೆ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಮನಸ್ಸೂ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ, ಸ್ವಲ್ಪ ಸಿಟ್ಟಿನಿಂದಲೇ.

ನಾನಿರುವುದು ಭೋಸರಿಯಲ್ಲಿ, ಐದು ಮಂದಿಗೆ ಒಂದು ಖೋಲಿ. ಕೆಲಸ ಚಾಕಣದ ಕಡೆ, ಒಂದು ಪಾರ್ಸೆಲ್ ಕಂಪನಿಯ ಗೋದಾಮಿನಲ್ಲಿ. ಕಂಪನಿ ಅಂದೆನಾದರೂ ಪಗಾರ ಕೊಡುವವನು ಗುತ್ತಿಗೆದಾರ. ಅವನನ್ನು ನಾನು ನೋಡಿದ್ದು ಎರಡೇ ಸಲ. ದಿನಾ ಕಾಣುವವನು ಮುಕಾದಮ. ರಾತ್ರಿ ದೊಡ್ಡ ಲಾರಿಗಳು ಬರುತ್ತವೆ. ಚೀಲ ಇಳಿಸಬೇಕು, ಪ್ಯಾಕೆಟ್ಟಿಗೆ ಸ್ಕ್ಯಾನರ್ ಹಿಡಿಯಬೇಕು, ಪಿನ್ ಕೋಡ್ ನೋಡಿ ವಿಂಗಡಿಸಬೇಕು. 411 ಅಂದರೆ ಪುಣೆ. ಒಮ್ಮೊಮ್ಮೆ 586 ಕೈಗೆ ಬರುತ್ತದೆ, ನಮ್ಮ ವಿಜಯಪುರ ಜಿಲ್ಲೆಯದು. ಸಿಂದಗಿಯಲ್ಲಿ ಯಾರೋ ಮಿಕ್ಸರ್ ತರಿಸಿರುತ್ತಾರೆ. ಆ ಪೆಟ್ಟಿಗೆಯನ್ನು ಒಂದು ಗಳಿಗೆ ಹೆಚ್ಚು ಹಿಡಿದುಕೊಳ್ಳುತ್ತೇನೆ ಅಂದರೆ ನಗಬೇಡಿ.

ಇಷ್ಟಕ್ಕೆ ಪಗಾರವಿದೆ. ಇಲ್ಲದಿರುವುದು ಇದರ ನಂತರದ್ದಕ್ಕೆ. ವಾರದಲ್ಲಿ ಮೂರು ದಿನ, ರಾತ್ರಿ ಪಾಳಿ ಮುಗಿಸಿ, ಮಧ್ಯಾಹ್ನದ ತನಕ ಟೆಂಪೊದಲ್ಲಿ ಡ್ರೈವರನ ಪಕ್ಕ ಕೂರಬೇಕು. ಇದಕ್ಕೆ ‘ರೂಟ್ ಕಲಿಯುವುದು’ ಅಂತ ಹೆಸರು. ಕಲಿಯುವುದೆಂದರೆ ಲಿಫ್ಟ್ ಕೆಟ್ಟ ಸೊಸೈಟಿಯ ನಾಲ್ಕನೆಯ ಮಹಡಿಗೆ ಪೆಟ್ಟಿಗೆ ಹೊರುವುದು, ಓಟಿಪಿ ಕೇಳುವುದು, ರೊಕ್ಕ ಎಣಿಸಿಕೊಳ್ಳುವುದು, ನೋ ಪಾರ್ಕಿಂಗಿನಲ್ಲಿ ನಿಂತ ಗಾಡಿ ಕಾಯುವುದು. ಕೆಲಸ ಕಲಿಸಿ ಮೇಲೆ ರೊಕ್ಕವನ್ನೂ ಕೊಡಬೇಕೇ ಅಂತ ಮುಕಾದಮ ನಗುತ್ತಾನೆ. ಡ್ರೈವರ್ ಯಾವಾಗ ಮಾಡುತ್ತೀರಿ ಅಂದರೆ ಒಂದೇ ಮಾತು: “ಪುಢಚ್ಯಾ ಮಹಿನ್ಯಾತ ಬಘೂ.” ಮುಂದಿನ ತಿಂಗಳು ನೋಡೋಣ.

ಮೊದಲ ತಕರಾರು ಲೈಸನ್ಸಿನದು. ಟ್ರಾನ್ಸ್‌ಪೋರ್ಟ್ ಅಂತ ಬರೆಸಿಕೊಂಡು ಬಾ ಅಂದರು. ಲಘು ವಾಹನದ ಲೈಸನ್ಸ್ ಇದ್ದವನು 7,500 ಕಿಲೋಗಿಂತ ಕಡಿಮೆ ತೂಕದ ಸರಕು ಗಾಡಿಯನ್ನೂ ಓಡಿಸಬಹುದು ಅಂತ ಸುಪ್ರೀಂ ಕೋರ್ಟು 2017ರಲ್ಲೇ ಹೇಳಿದೆ. 2024ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿದಿದೆ. ನಮ್ಮ ಛೋಟಾ ಹಾಥಿ ತುಂಬಿದರೂ ಅದರ ಅರ್ಧ ತೂಗುವುದಿಲ್ಲ. ಇದನ್ನು ಹೇಳಿದೆ. “ಕೋರ್ಟಾಚಂ ಕೋರ್ಟಾತ,” ಕೋರ್ಟಿನದು ಕೋರ್ಟಿನಲ್ಲೇ ಇರಲಿ, ಅಂದ. ಬಡ್ಡಿಗೆ ಸಾಲ ತಂದು ಬರೆಸಿಕೊಂಡೆ. ಆಮೇಲೆ ಅನುಭವ ಬೇಕು ಅಂದರು. ಸ್ಟೇರಿಂಗ್ ಕೊಡದೆ ಅನುಭವ ಎಲ್ಲಿಂದ ಬರಬೇಕು? ಆಮೇಲೆ ಗಾಡಿ ಖಾಲಿ ಇಲ್ಲ. ಕಡೆಗೆ ಹೊರಬಿದ್ದ ಮಾತು: ನಿನ್ನದೇ ಟೆಂಪೊ ತಂದರೆ ನಾಳೆಯೇ ಹಚ್ಚಿಕೊಳ್ಳುತ್ತೇವೆ. ಕಂತು ನಿನ್ನದು, ಡೀಸೆಲ್ ನಿನ್ನದು, ಪಂಕ್ಚರ್ ನಿನ್ನದು. ನಮ್ಮ ಖೋಲಿಯವನೊಬ್ಬ ಹಾಗೆ ತಂದ. ಈಗ ಕಂತಿನ ತಾರೀಖು ಹತ್ತಿರ ಬಂದರೆ ಅವನು ಊಟಕ್ಕೇ ಬರುವುದಿಲ್ಲ.

ಹೊಸ ಹುಡುಗನಿಗೆ ಏನೂ ಕಲಿಸಬೇಕಿಲ್ಲ ಅಂತ ನಾನು ಹೇಳುವುದಿಲ್ಲ. ಪಿಂಪ್ರಿ-ಚಿಂಚವಡದ ಗಲ್ಲಿಗಳು ಒಂದೇ ದಿನಕ್ಕೆ ತಲೆಗೆ ಹತ್ತುವಂಥವಲ್ಲ. ಹದಿನೈದು ದಿನ ಬೇಕು, ದಡ್ಡನಾದರೆ ಒಂದು ತಿಂಗಳು. ಹದಿನಾಲ್ಕು ತಿಂಗಳು ಕಲಿಯಲಿಕ್ಕೆ ಇದೇನು ವಿಮಾನವೇ? ನಮ್ಮ ಗೋದಾಮಿನಲ್ಲಿ ಹೀಗೆ ಕಾಯುವವರು ಒಂಬತ್ತು ಮಂದಿ. ಇಷ್ಟು ದಿನದಲ್ಲಿ ಸ್ಟೇರಿಂಗ್ ಸಿಕ್ಕಿದ್ದು ಇಬ್ಬರಿಗೆ. ಒಬ್ಬೊಬ್ಬರು ವಾರಕ್ಕೆ ಮೂರು ದಿನ ಅಂದರೆ 27 ಪಾಳಿಯ ಹಮಾಲಿ ಅವರಿಗೆ ಪುಕ್ಕಟೆ. ನಮ್ಮನ್ನೆಲ್ಲ ಡ್ರೈವರ್ ಮಾಡಿದರೆ ಪೆಟ್ಟಿಗೆ ಹೊರುವವರು ಯಾರು? ನಾವು ಕೆಲಸಕ್ಕಾಗಿ ಕಾಯುತ್ತಿದ್ದೇವೆ ಅಂದುಕೊಂಡಿದ್ದೇವೆ. ಅವರಿಗೆ ನಮ್ಮ ಕಾಯುವಿಕೆಯೇ ಕೆಲಸ, ಅದೂ ಪಗಾರ ಕೊಡಬೇಕಿಲ್ಲದ ಕೆಲಸ.

ಊರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದರೆ ಅಪ್ಪ ಅನ್ನುತ್ತಾನೆ, “ತಾಳಿದವನು ಬಾಳಿಯಾನು, ತಮ್ಮಾ.” ಈ ಗಾದೆಯನ್ನು ಕಂಡರೆ ನನಗೀಗ ಮೈ ಉರಿಯುತ್ತದೆ. ತಾಳುವವನು ನಾನು, ಬಾಳುವವನು ಗುತ್ತಿಗೆದಾರ. ಅಪ್ಪನ ತಪ್ಪೂ ಅಲ್ಲ ಬಿಡಿ. ಮಗ ಡ್ರೈವರ್ ಅಂತ ನಾಲ್ಕು ಮಂದಿ ಮುಂದೆ ಹೇಳಿಯಾಗಿದೆ, ತಂಗಿಯ ಸಂಬಂಧದ ಮಾತಿನಲ್ಲೂ ಅದು ಬಂದುಹೋಗಿದೆ. ಆ ಮಾತು ಸುಳ್ಳಾಗಬಾರದು ಅಂತಲೇ ನಾನು ಇನ್ನೊಂದು ತಿಂಗಳು ನಿಲ್ಲುತ್ತೇನೆ, ಮತ್ತೊಂದು ತಿಂಗಳು ನಿಲ್ಲುತ್ತೇನೆ. ಮುಕಾದಮನಿಗೆ ಇದು ಚೆನ್ನಾಗಿ ಗೊತ್ತು. ನೀವು ಬಸ್‌ಸ್ಟ್ಯಾಂಡಿನಲ್ಲಿ ಕೇಳುವ ಪ್ರಶ್ನೆ ಇಲ್ಲಿ ಅವನ ಕೈಗೆ ಸಿಕ್ಕ ಚಾಟಿ.

ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರಿಗೆಂದು ಕಾನೂನು ಬಂತು. ಸಾಮಾನು ಸಾಗಿಸುವವರೂ ಅದರಲ್ಲಿ ಬರುತ್ತಾರೆ. ಒಳ್ಳೆಯದೇ. ಆದರೆ ಅದು ಗಡಿಯಲ್ಲಿ ನಿಲ್ಲುತ್ತದೆ, ಸೊಲ್ಲಾಪುರ ದಾಟಿ ಬರುವುದಿಲ್ಲ. ಬಂದರೂ ಅದು ಲೆಕ್ಕ ಹಿಡಿಯುವುದು ಆ್ಯಪಿನಲ್ಲಿ ಹೆಸರಿದ್ದವರನ್ನು. ಕಾಯುವವನ ಹೆಸರು ಯಾವ ಆ್ಯಪಿನಲ್ಲಿದೆ? ಅದೇ ವರ್ಷದ ನವೆಂಬರ್ 21ರಿಂದ ದೇಶಕ್ಕೆಲ್ಲ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾದವು. ಕೆಲಸಗಾರನಿಗೆ ನೇಮಕಾತಿ ಪತ್ರ ಕೊಡಬೇಕು ಅಂತ ಅವುಗಳಲ್ಲಿದೆ. ನನ್ನ ಹತ್ತಿರ ಇರುವ ಒಂದೇ ಕಾಗದ ಗೇಟ್ ಪಾಸು.

ಇನ್ನೊಂದು ಮಾತು ಮುಚ್ಚಿಟ್ಟರೆ ಈ ಸಿಟ್ಟಿಗೆ ಬೆಲೆಯಿಲ್ಲ. ದೀಪಾವಳಿಯ ಮುಂದೆ ಲೋಡು ಜಾಸ್ತಿಯಾದಾಗ ಮುಕಾದಮ ಹೇಳಿದ: ಊರಿಂದ ಇಬ್ಬರು ಹುಡುಗರನ್ನು ಕರೆಸು, ನಿನ್ನ ನಂಬರು ಮುಂದೆ ಬರುತ್ತದೆ. ನಾನು ಕಾಕಾನ ಮಗನಿಗೆ ಫೋನ್ ಹಚ್ಚಿದೆ. “ಬಾ, ಡ್ರೈವರ್ ಮಾಡ್ತಾರ” ಅಂದೆ. ಬಂದ. ನನ್ನ ನಂಬರು ಅಲ್ಲೇ ಇದೆ, ಅವನದು ಅದರ ಹಿಂದೆ.

ಹೋದ ವಾರ ಅವನು ಟೆಂಪೊದಿಂದ ಇಳಿದು ಬಂದವನೇ, ಊಟ ಬಿಟ್ಟು, ಬೂಟು ಕೂಡ ಬಿಚ್ಚದೆ ಮಲಗಿಬಿಟ್ಟ. ಮರುದಿನ ನಾನು ಒಬ್ಬನೇ ಮುಕಾದಮನ ಹತ್ತಿರ ಹೋದೆ. ನನ್ನದು ಇರಲಿ, ಈ ಹುಡುಗ ಟೆಂಪೊದಲ್ಲಿ ಕೂತ ದಿನಗಳ ಲೆಕ್ಕ ಬರೆದಿಟ್ಟಿದ್ದೇನೆ, ಹನ್ನೊಂದು ಪಾಳಿ, ಅಷ್ಟರ ಪಗಾರ ಕೊಡಿ, ಇಲ್ಲವಾದರೆ ನಾಳೆಯಿಂದ ನಾವಿಬ್ಬರೂ ಟೆಂಪೊ ಹತ್ತುವುದಿಲ್ಲ ಅಂದೆ. ಅವನು ಚೀಟಿ ತೆಗೆದುಕೊಂಡು ಎರಡು ಸಲ ಓದಿದ, ಅಂಗಿಯ ಜೇಬಿನಲ್ಲಿಟ್ಟುಕೊಂಡ. ಸೋಮವಾರ ಬಘೂ, ಅಂದ.