ಕಾರ್ಡಿನಲ್ಲಿ ಕಾಣದ ವಿಷ

ಹೋದ ಬೇಸಿಗೆ ನಮ್ಮ ನೆಂಟರೊಬ್ಬರು ಹಳೇ ಗಣಿ ಪಕ್ಕದ ಮಣ್ಣನ್ನು ಹಿತ್ತಲಿಗೆ ಹೊಡೆಸಿ ದಂಟು, ಪಾಲಕ್, ಮೂಲಂಗಿ ಹಾಕಿದರು. ಬೆಳೆ ಹಸಿರಾಗಿ ಬಂತು. "ಮಣ್ಣು ಪರೀಕ್ಷೆ ಮಾಡಿಸಿದ್ದೀನಿ, ಎಲ್ಲಾ ಸರಿ ಇದೆ" ಅಂತ ಕಾರ್ಡು ತೋರಿಸಿದರು.

ನಾನು ಓದಿರೋದು ಏಳನೇ ಕ್ಲಾಸು. ಆದರೂ ಕಾರ್ಡನ್ನು ಎರಡು ಸಲ ಓದಿದೆ. 2015ರಲ್ಲಿ ಶುರುವಾದ ಈ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿವೆ. ರಸಸಾರ, ಸಾರಜನಕ, ರಂಜಕ, ಪೊಟ್ಯಾಷ್, ಸತು, ಬೋರಾನ್, ಹೀಗೆ. ಬೆಳೆಗೆ ಏನು ಬೇಕು ಅನ್ನೋದು ಅದರಲ್ಲಿದೆ. ತಿನ್ನೋರಿಗೆ ಏನು ಬೇಡ ಅನ್ನೋದು ಇಲ್ಲ. ಆರ್ಸೆನಿಕ್, ಸೀಸ, ಕ್ಯಾಡ್ಮಿಯಂ ಹೆಸರೇ ಇಲ್ಲ.

ಇದು ಸುಮ್ಮನೆ ಹೆದರಿಸೋ ಮಾತಲ್ಲ. ಯಾದಗಿರಿ ಜಿಲ್ಲೆಯಲ್ಲೂ ಒಂದು ಮಂಗಳೂರು ಇದೆ. ಅಲ್ಲಿ ಹಿಂದೆ ಚಿನ್ನದ ಗಣಿ ಇತ್ತು. ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಇರೋದುಂಟು. ಅದಿರನ್ನು ಹಿಟ್ಟು ಮಾಡಿ ಚಿನ್ನ ತೆಗೆದ ಮೇಲೆ ಉಳಿದ ಪುಡಿ ಗಾಳಿಗೆ, ಮಳೆಗೆ ಸುತ್ತ ಹರಡುತ್ತೆ. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ಭಾಗದ 12 ಮೇಲ್ಮಣ್ಣಿನ ಮಾದರಿಗಳ ಪೈಕಿ 6ರಲ್ಲಿ, ಕಿಲೋ ಮಣ್ಣಿಗೆ 2000 ಮಿಲಿಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಸಿಕ್ಕಿತು. ಪರೀಕ್ಷಿಸಿದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದಲ್ಲಿ ಆರ್ಸೆನಿಕ್‌ನ ಗುರುತಿತ್ತು. ಅಲ್ಲಿ ಕೊಳವೆಬಾವಿ ನೀರೂ ಕೆಟ್ಟಿತ್ತು.

ಸೊಪ್ಪಿಗೂ ಅದು ಏರುತ್ತಾ ಅಂತ ಕೇಳಬಹುದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ಕಡೆ ಹೊಗೆಸೊಪ್ಪು ಬೆಳೆಯೋ ನಮಗೆ ಇದನ್ನು ಬೇರೆಯವರು ಹೇಳಬೇಕಿಲ್ಲ. ಹೊಗೆಸೊಪ್ಪಿಗೆ ಎಂಓಪಿ ಯಾಕೆ ಹಾಕೋದಿಲ್ಲ? ಅದರಲ್ಲಿರೋ ಕ್ಲೋರೈಡ್ ಎಲೆಗೆ ಏರಿ, ಎಲೆ ಸರಿಯಾಗಿ ಉರಿಯೋದಿಲ್ಲ ಅಂತ. ಕ್ಲೋರೈಡ್ ಏರೋ ದಾರಿಯಲ್ಲೇ ವಿಷದ ಲೋಹಗಳೂ ಏರುತ್ತವೆ. ಅಲ್ಲಿ ಎಲೆಯ ರೇಟು ಕೆಡುತ್ತೆ, ಇಲ್ಲಿ ಮಕ್ಕಳ ಮೈ ಕೆಡುತ್ತೆ.

ಸಾಮಾನ್ಯವಾಗಿ ಸೊಪ್ಪು, ಗೆಡ್ಡೆಗಳಲ್ಲಿ ಇದು ಜಾಸ್ತಿ. ಟೊಮೇಟೊ, ಹುರುಳಿಕಾಯಿಯಂಥ ಕಾಯಿಗಳಲ್ಲಿ ಕಡಿಮೆ. ತೊಳೆದರೆ ಅಂಟಿದ ಧೂಳು ಹೋಗುತ್ತೆ, ಒಳಗೆ ಸೇರಿದ್ದು ಹೋಗೋದಿಲ್ಲ. ಬೇಯಿಸಿದರೂ ಲೋಹ ಸುಡೋದಿಲ್ಲ. ಬಣ್ಣ, ವಾಸನೆ, ರುಚಿ ಯಾವುದರಲ್ಲೂ ಗೊತ್ತಾಗೋದಿಲ್ಲ.

ನಮ್ಮ ಜಿಲ್ಲೆಯ ಸಿಂಧುವಳ್ಳಿಯಲ್ಲೂ ಹಿಂದೆ ಕ್ರೋಮೈಟ್ ಅಗೆದಿದ್ದಾರೆ. ಅಗೆದ ಕಡೆಯೆಲ್ಲ ವಿಷ ಅಂತ ನಾನು ಹೇಳೋದಿಲ್ಲ. ಆದರೆ ನೋಡದೆ ಸರಿ ಇದೆ ಅನ್ನೋದೂ ತಪ್ಪು. ಗಣಿ ಇದ್ದ ಊರುಗಳ ಮಣ್ಣು, ನೀರಿನಲ್ಲಿ ಲೋಹಗಳ ಪರೀಕ್ಷೆಯನ್ನು ಸರ್ಕಾರವೇ ಪುಕ್ಕಟೆ ಮಾಡಿಸಬೇಕು. ಅಲ್ಲಿವರೆಗೂ ಗಣಿ ಮಣ್ಣು ಎಷ್ಟೇ ಅಗ್ಗಕ್ಕೆ ಸಿಕ್ಕಲಿ, ಹಿತ್ತಲಿಗೆ ಬೇಡ.

ನೆಂಟರು ಈಗ ಆ ಮಡಿಗೆ ಸೇವಂತಿಗೆ ಹಾಕಿದ್ದಾರೆ. ಸೊಪ್ಪಿನ ಮಡಿ ಮನೆಯ ಹಳೇ ಮಣ್ಣಿನಲ್ಲಿದೆ.